ಹುಕ್ಕೇರಿ ಕಾಕು

ಮೂಡಲಗಿಯ ಆ ಸಭಾಭವನದಲ್ಲಿ ಅಂದು ಮಾತಾಡುವವರಲ್ಲಿ ನಾನು ಮೂರನೆಯವನು. ಮೊದಲು ಬೆಲ್ಲದ ಬಾಗೇವಾಡಿಯ ಶೆಟ್ಟೆಪ್ಪನವರು. ಗಾಣ ನಡೆಸುವ ಮನುಷ್ಯ, ಬೆಲ್ಲದ ಪಾಕದ ಹದ ತೋರಿಸುತ್ತೇನೆಂದು ನೀರಿನ ತಂಬಿಗೆಯನ್ನೇ ವೇದಿಕೆಗೆ ತಂದು ಎಲ್ಲರನ್ನೂ ನಗಿಸಿದರು. ಅವರ ನಂತರ ಪೊಲೀಸ್ ಇಲಾಖೆಯ ದೀಪಾ ಮೇಡಂ. ಆಮೇಲೆ, ಗೋಕಾಕದ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿಸ್ಟ್ ಆಗಿರುವ ಸ್ವಪ್ನಿಲ್, ಅಂದರೆ ನಾನು.

ಬೇರೆ ಬೇರೆ ಕೆಲಸದವರು ಬಂದು ತಲಾ ಹದಿನೈದು ನಿಮಿಷ ಮಾತಾಡಬೇಕು, ಅದನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಹೈಸ್ಕೂಲ್ ಟೀಚರ್ ಅರ್ಚನಾ ಮೇಡಂ ನಡೆಸುವ ಕಾರ್ಯಕ್ರಮ ಅದು. ನಾನು ಕಬ್ಬಿನ ಹೊಲದಲ್ಲಿ ದುಡಿಯುವ ಹೆಂಗಸರ ಸೊಂಟನೋವಿನ ಬಗ್ಗೆ ಹೇಳುತ್ತೇನೆ ಎಂದಿದ್ದೆ. ಮೇಡಂ ಫೋನಿನಲ್ಲಿ, "ಸೊಂಟನೋವ ಇರ್ಲಿ ಸರ. ಆದ್ರ ನೀವು ಹೆಂಗ ಮ್ಯಾಲೆ ಬಂದ್ರಿ ಅನ್ನೂದ ಹೇಳ್ರಿ. ಮಂದಿ ಅದನ್ನ ಕೇಳ್ತಾರ್ರಿ" ಎಂದರು.

ಬರೆದುಕೊಂಡೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದರೆ ಇಪ್ಪತ್ತು ನಿಮಿಷ. ಮೇಡಮ್ಮಿಗೆ ಕೇಳಿಸಿದೆ. "ಮಂದಿ ಭಾಳ ಆತು ಸರ. ನೀವು, ನಿಮ್ಮ ತಾಯಿ, ಇಬ್ಬರನ್ನ ಇಟಗೋರ್ರಿ. ಎದಿಗೆ ನಾಟತೈತಿ" ಎಂದರು. ಹಾಗಾಗಿ ಐದು ಜನ ಹೆಂಗಸರನ್ನು ನಾನು ನನ್ನ ಕತೆಯಿಂದ ತೆಗೆದುಹಾಕಿದೆ. ಐದೂ ಹೆಸರ ಮೇಲೆ ಒಂದೇ ಗೀಟು. ಮೇಡಂ ಹೇಳಿದ್ದು ಖರೆ, ಗೀಟು ಹೊಡೆದ ಕೈ ಮಾತ್ರ ನನ್ನದೇ.

ಆ ಐದು ಜನ ಯಾರೆಂದು ಹೇಳಬೇಕು. ನಾಗನೂರಿನಲ್ಲಿ ನಮ್ಮವ್ವ ಉದ್ದವ್ವನದು ಕಬ್ಬಿನ ಹೊಲದ ಕಸ, ಅಂದರೆ ಕಳೆ, ತೆಗೆಯುವ ಹೆಂಗಸರ ಗುಂಪು, ಅವ್ವನೂ ಸೇರಿ ಆರು ಜನ. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಬಗ್ಗಿದರೆ ಹೊಲದ ಬದು ಮುಟ್ಟಿದಾಗಲೇ ಮೇಲೇಳುವುದು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅವ್ವ ಕಾಲುವೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಅಪ್ಪ ಯಲ್ಲಾರಿ ಅದಾಗಲೇ ತೀರಿಕೊಂಡಿದ್ದ. ನಾಲ್ಕು ತಿಂಗಳು ಆ ಐವರು ತಮ್ಮ ತಮ್ಮ ಸಾಲಿನ ಜೊತೆ ಅವ್ವನ ಸಾಲನ್ನೂ ಹಂಚಿಕೊಂಡು ತೆಗೆದರು. ಹೊಲದವರು ಆರು ಸಾಲು ಎಣಿಸಿ ಆರು ಪಗಾರ ಕೊಡುತ್ತಿದ್ದರು, ಅವ್ವನದು ಮನೆಗೆ ಬರುತ್ತಿತ್ತು. ಗುಂಪಿನವರು ಇದನ್ನು ಉಪಕಾರ ಅನ್ನುವುದಿಲ್ಲ. ಯಾರು ಮಲಗಿದರೂ ಅವರ ಸಾಲು ನಿಲ್ಲುವಂತಿಲ್ಲ, ಅಷ್ಟೇ. ಅವರನ್ನೆಲ್ಲ ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ನನ್ನ ಊಟ, ಓದು ಎರಡೂ ಆ ಐವರಲ್ಲೇ ಒಬ್ಬಳಾದ ಹುಕ್ಕೇರಿ ಕಾಕುವಿನ ಮನೆಯಲ್ಲಿ. ಪರೀಕ್ಷೆ ಮುಗಿಯುವತನಕ ಅವಳು ತನ್ನ ಮನೆಯ ಟಿವಿ ಹಚ್ಚಲಿಲ್ಲ.

ವೇದಿಕೆಯ ಮೇಲೆ ನಿಂತು ನಾನು ಹೇಳಿದ್ದು ಇಷ್ಟು: "ಆಗ ನಮಗೆ ಯಾರೂ ಇರಲಿಲ್ಲ. ಅವ್ವ, ನಾನು ಮತ್ತು ಒಂದು ಚಿಮಣಿ ದೀಪ."

ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಚಿಮಣಿ ದೀಪವೂ ಸುಳ್ಳು. ಕಾಕುವಿನ ಮನೆಯಲ್ಲಿ ಟ್ಯೂಬ್‌ಲೈಟ್ ಇತ್ತು.

ಚಪ್ಪಾಳೆಯ ನಡುವೆ ಭವನದ ದೀಪಗಳು ಹತ್ತಿದಾಗ ಕೊನೆಯ ಸಾಲು ಕಾಣಿಸಿತು. ಅವ್ವ ಒಬ್ಬಳೇ ಬರುತ್ತಾಳೆಂದು ತಿಳಿದಿದ್ದೆ. ಗುಂಪಿನ ಆರೂ ಜನ ಕೆಲಸ ಬಿಟ್ಟು, ಟಂಟಂ ಗಾಡಿ ಮಾಡಿಕೊಂಡು, ಪೆಟ್ಟಿಗೆಯೊಳಗಿನ ಸೀರೆ ಉಟ್ಟು ಬಂದು ಕೂತಿದ್ದರು. ಅವರೂ ಚಪ್ಪಾಳೆ ತಟ್ಟುತ್ತಿದ್ದರು. ಅವ್ವ ಮಾತ್ರ ಸೆರಗಿನ ತುದಿಯನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದಳು.

ಊಟದ ಬಿಡುವಿನಲ್ಲಿ ಅವರ ಹತ್ತಿರ ಹೋಗದೆ ಉಪಾಯವಿರಲಿಲ್ಲ. ಕೆಂಪವ್ವ ಕಾಕು ದೂರದಿಂದಲೇ ಶುರು ಮಾಡಿದಳು.

"ಬಾರೋ ಯಪ್ಪಾ, ಯಾರೂ ಇಲ್ಲದ ಪರದೇಶಿ! ಉಂಡಿಯೇನ? ಇಲ್ಲಾ, ಬಡಸಾಕೂ ಯಾರೂ ಇರಲಿಲ್ಲೇನ?"

ಉಳಿದವರು ಬಾಯಿಗೆ ಸೆರಗು ಒತ್ತಿ ನಕ್ಕರು. ಲಗಮವ್ವ ಕಾಕು, "ನಾವೆಲ್ಲಾ ಆವಾಗ ಎಲ್ಲಿ ಸತ್ತಿದ್ವೇ ಕೆಂಪಿ?" ಎಂದಳು.

"ದೇವರಿಗೇ ಗೊತ್ತವಾ. ಕಬ್ಬಿನಾಗ ಹುಡುಕಬೇಕ."

ಅದು ಬರೀ ಚಾಷ್ಟಿ, ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆದರೆ ಹುಕ್ಕೇರಿ ಕಾಕು ನಗುತ್ತಿರಲಿಲ್ಲ. ಅವಳ ಕಣ್ಣು ಕೆಂಪಾಗಿದ್ದವು. ನನ್ನ ಗಲ್ಲ ಹಿಡಿದು, "ನಂಗ ಅಳುನ ಬಂತ ನೋಡಪಾ. ನಮ್ಮ ಹುಡುಗಗ ಎಷ್ಟ ಕಷ್ಟ ಇತ್ತು, ನಮಗ ಗೊತ್ತ ಆಗಲಿಲ್ಲಲಾ ಅಂತ" ಎಂದಳು.

ಅವಳು ನನ್ನನ್ನು ನಂಬಿಬಿಟ್ಟಿದ್ದಳು. ನಾಲ್ಕು ತಿಂಗಳು ಬಿಸಿ ರೊಟ್ಟಿ ಹಾಕಿದ ಹೆಂಗಸು, ನನ್ನ ಮಾತು ಕೇಳಿ, ತಾನು ಕೊಟ್ಟದ್ದು ಏನೂ ಸಾಲಲಿಲ್ಲ ಎಂದು ತಿಳಿದು ಅತ್ತಿದ್ದಳು. ತಾಟನ್ನು ಅಲ್ಲೇ ಕುರ್ಚಿಯ ಮೇಲಿಟ್ಟೆ.

ಅವ್ವನನ್ನು ಬಾಜೂಕ್ಕೆ ಕರೆದೆ. ನನ್ನ ಮುಖ ನೋಡದೆಯೇ ಮಾತಾಡಿದಳು. "ನೀ ಗೋಕಾಕಕ್ಕ ಹೊಕ್ಕಿ. ನಾ ನಾಳಿ ಮುಂಜಾನಿ ಇವರ ಜೋಡೀನ ಬಗ್ಗಬೇಕ. ಯಾವ ಮಾರಿ ಇಟಗೊಂಡ ಬಗ್ಗಲಿ, ಹೇಳ."

ಅರ್ಚನಾ ಮೇಡಮ್ಮಿಗೆ ಎಲ್ಲವನ್ನೂ ಹೇಳಿದೆ. ಅವರು, ಕಡೆಗೆ ಪ್ರಶ್ನೋತ್ತರ ಇದೆ, ಅದರಲ್ಲಿ ಎರಡು ನಿಮಿಷ ತಗೊಳ್ಳಿ, ಅದನ್ನೂ ವಿಡಿಯೋಕ್ಕೆ ಸೇರಿಸುತ್ತೇನೆ ಎಂದರು. ಆಮೇಲೆ ಇನ್ನಿಬ್ಬರು ಮಾತಾಡಿದರು. ಏನು ಮಾತಾಡಿದರೋ, ಒಂದು ಶಬ್ದವೂ ನನ್ನ ಕಿವಿಗೆ ಬೀಳಲಿಲ್ಲ. ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸುತ್ತಿದ್ದೆ.

ಮೈಕು ಕೈಗೆ ಬಂತು. "ಮುಂಜಾನೆ ನಾನು ಸುಳ್ಳು ಹೇಳಿದೆ" ಎಂದೆ. ಎದ್ದು ಹೊರಟಿದ್ದವರು ನಿಂತರು. ಅವ್ವನ ಕಾಲಿನ ಸುದ್ದಿ, ಆರನೆಯ ಸಾಲಿನ ಸುದ್ದಿ ಹೇಳಿದೆ. "ಅವರು ಇಲ್ಲೇ ಕೂತಾರ. ಹೆಸರ ಹೇಳ್ತೇನಿ, ಎದ್ದ ನಿಲ್ಲಬೇಕ. ಕೆಂಪವ್ವ. ಲಗಮವ್ವ. ಮಾಯವ್ವ. ಬಾಳವ್ವ."

ಒಬ್ಬೊಬ್ಬರಾಗಿ ಎದ್ದರು. ಕೆಂಪವ್ವ ಕಾಕು ನಾಚಿಕೊಂಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಮತ್ತ..." ಎಂದೆ. "ಹುಕ್ಕೇರಿ ಕಾಕು."

ಭವನದಲ್ಲಿ ಸಣ್ಣ ನಗೆ ಎದ್ದಿತು. ಅರ್ಚನಾ ಮೇಡಂ ಪಕ್ಕದಿಂದ ಮೆಲ್ಲಗೆ, "ಅವರ ಹೆಸರ ಸರ? ವಿಡಿಯೋದಾಗ ಹಾಕಾಕ" ಎಂದರು.

ಹೆಸರು ಹುಡುಕಿದೆ. ಇರಲಿಲ್ಲ. ಹುಕ್ಕೇರಿಯಿಂದ ಮದುವೆಯಾಗಿ ಬಂದವಳು, ಅದಕ್ಕೇ ಅವಳನ್ನು ಇಡೀ ಓಣಿ ಹುಕ್ಕೇರಿಯಾಕಿ ಎನ್ನುತ್ತಿತ್ತು, ನಾನು ಹುಕ್ಕೇರಿ ಕಾಕು ಎನ್ನುತ್ತಿದ್ದೆ. ಅವಳಿಗೆ ಬೇರೆ ಹೆಸರು ಇದ್ದೀತೆಂದು ಒಂದು ದಿನವೂ ಹೊಳೆದಿರಲಿಲ್ಲ. ಮನೆಯಲ್ಲಿ ಗೀಟು ಹೊಡೆದ ಕಾಗದದಲ್ಲೂ ಹಾಗೆಯೇ ಬರೆದಿದ್ದೆ. ಅಲ್ಲೂ ನಾಲ್ಕೇ ಹೆಸರು, ಒಂದು ಊರು. ಅವ್ವನ ಕಡೆ ನೋಡಿದೆ. ಅವಳಿಗೆ ಗೊತ್ತು, ಹೇಳಲಿಲ್ಲ. ಗದ್ದ ಎತ್ತಿ ಕಾಕುವಿನ ಕಡೆ ತೋರಿಸಿದಳು, ಅವಳನ್ನೇ ಕೇಳು ಎಂಬಂತೆ.

ದಿನಕ್ಕೆ ಮೂವತ್ತು ರೋಗಿಗಳ ಹೆಸರನ್ನು ಅಡ್ಡಹೆಸರು ಸಮೇತ ಕರೆಯುವವನು ನಾನು. ಮುನ್ನೂರು ಜನರ ಎದುರಿಗೆ, ಮೈಕಿನಲ್ಲಿ ಕೇಳಬೇಕಾಯಿತು.

"ಕಾಕು, ನಿಮ್ಮ ಹೆಸರೇನ್ರಿ?"

ಬುದ್ಧಿ ತಿಳಿದಾಗಿನಿಂದ ಅವಳನ್ನು 'ನೀ' ಅನ್ನುತ್ತಿದ್ದವನು ನಾನು. ಆ 'ನಿಮ್ಮ' ಎಲ್ಲಿಂದ ಬಂತೋ. ಕಾಕು ಆ ಮಾತಿಗೆ ಸ್ವಲ್ಪ ಹಿಂದೆ ಸರಿದಂತೆ ಕಂಡಿತು.

ಭವನದಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಮೊದಲು ಅವಳು ಅವ್ವನನ್ನು ನೋಡಿದಳು, ಆಮೇಲೆ ನನ್ನನ್ನು. ನಿಧಾನವಾಗಿ ಎದ್ದು ಸೆರಗು ಸರಿಮಾಡಿಕೊಂಡಳು. ಕಬ್ಬಿನ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುವ ದನಿ ಅವಳದು, ಆದರೆ ಈಗ ಮುಂದಿನ ಸಾಲಿಗೆ ಕೇಳಿಸುವಷ್ಟೇ ಹೇಳಿದಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವ ಹಾಗೆ.

"ಶೇವಂತಾ."

ನಾನು ಅದನ್ನು ಮೈಕಿನಲ್ಲಿ ಹೇಳಿದೆ. "ಶೇವಂತಾ." ಆಸ್ಪತ್ರೆಯಲ್ಲಿ ಚೀಟಿ ನೋಡಿ ಹೊರಗೆ ಕೂತ ಯಾರನ್ನೋ ಒಳಗೆ ಕರೆದ ಹಾಗೆ ಕೇಳಿಸಿತು ನನಗೇ. ಮಂದಿ ಚಪ್ಪಾಳೆ ತಟ್ಟಿದರು. ಮುಂಜಾನೆಗಿಂತ ಜೋರಾಗಿ, ಮುಂಜಾನೆಗಿಂತ ಬಹಳ ಹೊತ್ತು. ಆ ಚಪ್ಪಾಳೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಮೈಕನ್ನು ಗಟ್ಟಿಯಾಗಿ ಹಿಡಿದು ನಿಂತೆ.

ಕೊನೆಯ ಸಾಲಿನಲ್ಲಿ ಐದೂ ಜನ ನಿಂತಿದ್ದರು. ಅವ್ವ ಎದ್ದು ಕಾಕುವಿನ ಮುಂಗೈ ಹಿಡಿದು ಅವಳನ್ನು ಮೆಲ್ಲಗೆ ಕೂರಿಸಿದಳು, ತಾನು ನಿಂತೇ ಇದ್ದಳು. ಮುಂಜಾನೆಯಿಂದ ನನ್ನನ್ನು ನೋಡದವಳು ಈಗ ನೋಡಿದಳು. ಇಷ್ಟು ದೂರದಿಂದ ಅದು ಸಮಾಧಾನವೋ ಬೈಗುಳವೋ ತಿಳಿಯಲಿಲ್ಲ. ತಲೆ ತಗ್ಗಿಸಿದ್ದು ನಾನೇ.