ಉಣ್ಣುವವರ ಮುಖ

ಮೃಗಶಿರಾ ಮಳೆಯ ಹೆಸರಷ್ಟೇ ಪಂಚಾಂಗದಲ್ಲಿ ಬಂದಿತ್ತು, ನೀರು ಬಂದಿರಲಿಲ್ಲ. ತಾಂಡೂರಿನ ಪಡುವಣ ದಿಗಂತದಲ್ಲಿ ನೀಲಶ್ಯಾಮಲ ಮೇಘಮಾಲೆಗಳು ಮುಂಜಾನೆಯಿಂದ ಸಾಲುಗಟ್ಟಿ ನಿಂತು, ಗುಡುಗಿ, ಮಿಂಚಿ, ಕಡೆಗೆ ಒಂದು ಹನಿಯನ್ನೂ ಕೊಡದೆ ಚದುರಿ ಹೋಗುತ್ತಿದ್ದವು... ಕಲ್ಲುಗಣಿಗಳ ಶ್ವೇತಧೂಳಿಯು ಬೇವಿನ ಎಲೆಗಳ ಮೇಲೆ, ಗೂಡ್ಸ್ ಗಾಡಿಯ ಡಬ್ಬಿಗಳ ಮೇಲೆ, ಒಣಹಾಕಿದ ಧೋತರಗಳ ಮೇಲೆ ಒಂದೇ ಸಮನೆ ಪಸರಿಸಿ, ಇಡೀ ಊರೇ ಬೂದಿ ಬಳಿದುಕೊಂಡು ಮುನಿದು ಕುಳಿತಂತೆ ತೋರುತ್ತಿತ್ತು. ನಡುಹಗಲು ದಾಟಿದ್ದರೂ ಅಂಗಳದ ಫರಸಿಗಲ್ಲುಗಳು ಒಳಗಿನ ಉರಿಯನ್ನು ಬಿಟ್ಟುಕೊಡದೆ ಅಂಗಾಲು ಸುಡುತ್ತಿದ್ದವು. ರಸಿಕ ವಾಚಕರೇ, ಆಕಾಶವೇ ಹುಬ್ಬು ಗಂಟಿಕ್ಕಿರುವಾಗ ಮನುಷ್ಯರಿಂದ ಶಾಂತಿಯನ್ನು ನಿರೀಕ್ಷಿಸುವುದು ಯಾವ ನ್ಯಾಯ? ನಾನಂತೂ ನಿರೀಕ್ಷಿಸುವುದಿಲ್ಲ.

ಸ್ಟೇಷನ್ ರಸ್ತೆಯ ಒಂದು ಬಾಡಿಗೆ ಮನೆಯ ಹಿತ್ತಲಲ್ಲಿ, ಬೇವಿನ ನೆರಳಿಗೆ, ಕಂಬಳಿಯ ತುಂಡೊಂದನ್ನು ಹಾಸಿಕೊಂಡು ಮಾಲತೀಬಾಯಿ ಕುಳಿತಿದ್ದಳು. ಮುಟ್ಟಿನ ದಿನಗಳು. ಆ ಮನೆಯ ಸಂಪ್ರದಾಯದಂತೆ ನಾಲ್ಕನೆಯ ದಿನದ ಜಳಕವಾಗುವವರೆಗೆ ಅವಳು ಹೊರಗೆ. ಅಡಿಗೆಮನೆಯ ಹಿಂಬಾಗಿಲ ಹೊಸ್ತಿಲಾಚೆ ಅವಳ ಸೆರಗಿನ ಅಂಚೂ ತಗಲಕೂಡದು. ಪ್ರತಿ ತಿಂಗಳೂ ಈ ದಿನಗಳಲ್ಲಿ ಅತ್ತೆ ಭಾಗೀರಥೀಬಾಯಿ ಒಲೆ ನೋಡಿಕೊಳ್ಳುತ್ತಿದ್ದರು. ಈ ಸಲ ಮಗಳ ಬಾಣಂತನಕ್ಕೆಂದು ಝರಾಸಂಗಕ್ಕೆ ಹೋದವರು ಇನ್ನೂ ಮರಳಿರಲಿಲ್ಲ. ಒಲೆ ತಣ್ಣಗಿತ್ತು. ಆದರೆ ಮಾಲತಿಯ ಹೃದಯ? ಅಬ್ಬಾ! ಅಲ್ಲಿ ಉರಿಯುತ್ತಿದ್ದ ಬೆಂಕಿಗೆ ಒಂದು ಊರಿನ ಅಡಿಗೆಯಾದರೂ ಬೇಯುತ್ತಿತ್ತು.

ನಡೆದದ್ದು ಇಷ್ಟು. ಹಿಂದಿನ ಐತವಾರ ಅವಳ ಪತಿ, ಸ್ಟೇಷನ್ನಿನ ಮಾಲುಗುಮಾಸ್ತ ಆತ್ಮಾರಾಮ, ತನ್ನ ಜೊತೆ ಕೆಲಸ ಮಾಡುವವರನ್ನು ಊಟಕ್ಕೆ ಕರೆದಿದ್ದ. ಅತ್ತೆಯಿಲ್ಲದ ಮನೆಯಲ್ಲಿ ಬೆಳಗಿನಿಂದ ಒಬ್ಬಳೇ ಮಡಿಯುಟ್ಟು, ಹೊಗೆ ಕುಡಿದು, ಬೆವರು ಒರೆಸಲೂ ಪುರುಸೊತ್ತಿಲ್ಲದೆ ಬೇಯಿಸಿದವಳು ಅವಳು. ಬೇಳೆಗೆ ಹಾಕಲೆಂದು ಮುಷ್ಟಿಯಲ್ಲಿ ಉಪ್ಪು ಹಿಡಿದಿದ್ದ ಆ ಕ್ಷಣಕ್ಕೇ ಪಡಸಾಲೆಯಿಂದ ಗಂಡ ಒದರಿದ್ದ: "ಹಣಮಯ್ಯನವರು ಬಂದ್ರು, ಕಾಲಿಗೆ ನೀರು ತಾ, ಲಗೂನ!" ಅದನ್ನು ಮರಳಿ ಉಪ್ಪಿನ ಗಡಿಗೆಗೇ ಸುರಿದು ಅವಳು ಓಡಿದ್ದಳು. ಆಮೇಲೆ ಎಲೆ, ನೀರು, ಬಡಿಸುವ ಗಡಿಬಿಡಿ... ಆತ್ಮಾರಾಮ ಮೊದಲ ತುತ್ತಿಗೇ ಮುಖ ಸಿಂಡರಿಸಿ, ಎಲ್ಲರೆದುರು ಎಡಗೈಯಿಂದ ಎಲೆಯನ್ನು ಮುಂದಕ್ಕೆ ತಳ್ಳಿ, "ಇದನ್ನ ದನಕ್ಕ ಹಾಕು" ಎಂದಿದ್ದ.

ದನಕ್ಕೆ! ಮನುಷ್ಯನ ಬಾಯಿಂದ ಮನುಷ್ಯಳಿಗೆ! ಹಿರಿಯ ಗುಮಾಸ್ತ ಹಣಮಯ್ಯನವರು ತಲೆ ತಗ್ಗಿಸಿದರು; ಕಿರಿಯವನಾದ ರಾಮುಲು ಮಾತ್ರ ನಗೆ ತಡೆಯಲಾರದೆ ಕಿಸಕ್ಕೆಂದ. ಬಾಗಿಲಿಗೊರಗಿ ಸೌಟು ಹಿಡಿದು ನಿಂತಿದ್ದ ಮಾಲತಿಯ ಕಿವಿಯಲ್ಲಿ ಆ ನಗೆ ಈ ಹೊತ್ತಿಗೂ ಇತ್ತು. ಇದೇ ಮನುಷ್ಯ ಮದುವೆಯಾದ ಮೊದಲ ಚಳಿಗಾಲದಲ್ಲಿ, ಕಲ್ಹೇರಿನ ಅವಳ ತವರಿನ ಹೊಲದಲ್ಲಿ, ಕೆಂಡದಲ್ಲಿ ಸುಟ್ಟ ಎಳೆಜೋಳದ ತೆನೆಯ ಬಿಸಿ ಸೀತನಿಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಮುತ್ತಿನಂಥ ಕಾಳುಗಳನ್ನು ಅವಳ ಉಡಿಗೆ ಸುರಿದಿದ್ದ... ಆ ಅಂಗೈ ಎಲ್ಲಿ, ಎಲೆ ತಳ್ಳಿದ ಈ ಎಡಗೈ ಎಲ್ಲಿ!

ಆ ಸಂಜೆಯೇ ಅವಳು ತನ್ನ ಟ್ರಂಕಿಗೆ ಸೀರೆಗಳನ್ನು ಮಡಚಿಟ್ಟಿದ್ದಳು. ಹೊರಗೆ ಕೂರುವ ದಿನ ಬಂದದ್ದರಿಂದ ಪಯಣ ನಿಂತಿತ್ತು, ಸಿಟ್ಟು ನಿಂತಿರಲಿಲ್ಲ. "ಜಳಕಾ ಆದ ಮ್ಯಾಲ ಕಲ್ಹೇರಕ ಹೋಗ್ತೀನ್ರಿ. ಕರಿಯಾಕ ಬರಬ್ಯಾಡ್ರಿ" ಎಂದು ಗಂಡನಿಗೆ ಸ್ಪಷ್ಟವಾಗಿ ಹೇಳಿದ್ದಳು. ಅವನೂ ಬಿಗುಮಾನದ ಮನುಷ್ಯ; "ಬಸ್ಸು ಯಾರ ಅಪ್ಪಂದೂ ಅಲ್ಲ" ಎಂದಿದ್ದ. ಜಹೀರಾಬಾದಿಗೊಂದು ಬಸ್ಸು, ಅಲ್ಲಿಂದ ನಾರಾಯಣಖೇಡಕ್ಕೊಂದು, ಅಲ್ಲಿಂದ ತವರು. ಅಲ್ಲಿಗೆ ಈ ಸಂಸಾರ ಮುಗಿಯುವುದಿತ್ತು.

ಹೊರಗೆ ಕುಳಿತ ಮೊದಲ ದಿನವೇ ನೆರೆಮನೆಯ ಸಕ್ಕುಬಾಯಿ ಗೋಡೆಯ ಮೇಲಿಂದ ರೊಟ್ಟಿ ನೀಡಲು ಬಂದರೆ ಮಾಲತಿ ಮುಟ್ಟಲಿಲ್ಲ. "ಈ ಮನಿ ಅನ್ನ ಸಿಕ್ಕರ ಉಣ್ತೀನಿ, ಇಲ್ಲಾಂದ್ರ ಉಪಾಸ" ಎಂದು, ಒಳಗಿರುವವನಿಗೆ ಕೇಳುವಂತೆ, ಗಟ್ಟಿಯಾಗಿಯೇ ಹೇಳಿದಳು. ಆತ್ಮಾರಾಮ ಖಾನಾವಳಿಗೆ ಹೋದ. ಹೋದಷ್ಟೇ ಬೇಗ ಹಸಿದ ಹೊಟ್ಟೆಯಲ್ಲೇ ಧುಮುಗುಟ್ಟುತ್ತ ತಿರುಗಿ ಬಂದ. ಅಲ್ಲಿ ರಾಮುಲು ನಾಲ್ಕು ಮಂದಿಯ ಮುಂದೆ, "ಏನ್ರಿ ಸಾಹೇಬ್ರ, ಮನಿ ಅಡಿಗಿ ದನಕ್ಕ ಹಾಕಿ ಬಂದ್ರೇನು?" ಎಂದಿದ್ದನಂತೆ!

ಹಿಂಬಾಗಿಲಲ್ಲಿ ನಿಂತು ಅವನು ಗುಡುಗಿದ: "ಒಂದು ರೊಟ್ಟಿ, ಒಂದು ಬ್ಯಾಳಿ! ಅದೇನು ದೊಡ್ಡ ವಿದ್ಯಾ? ನಾ ಮಾಡ್ತೀನಿ. ನೀನೂ ಉಣ್ಣಾಕಿ."

"ಮಾಡ್ರಿ," ಎಂದಳು ಮಾಲತಿ. "ಮೊದಲು ಮಡಿ ಉಟ್ಟು ಬರ್ರಿ."

ಹೀಗೆ ಆರಂಭವಾಯಿತು ಆ ಪಾಠ. ಗುರು ಹೊಸ್ತಿಲ ಹೊರಗೆ, ಏನನ್ನೂ ಮುಟ್ಟುವಂತಿಲ್ಲ. ಶಿಷ್ಯ ಹೊಸ್ತಿಲ ಒಳಗೆ, ಏನೂ ತಿಳಿದಿಲ್ಲ. ಇಬ್ಬರ ನಡುವೆ ಇದ್ದದ್ದು ಧ್ವನಿಯೊಂದೇ, ಆ ಧ್ವನಿಯೂ ಕುದಿಯುತ್ತಿತ್ತು. ಅವನು ಒಲೆಗೆ ದಪ್ಪ ಕಟ್ಟಿಗೆಗಳನ್ನೇ ತುರುಕಿ, ಊದುಗೊಳವೆ ಹಿಡಿದು ಕೆನ್ನೆ ಉಬ್ಬಿಸಿ ಊದಿದ. ಧೂಮಪಟಲವು ಬಾಗಿಲಿಂದ ಹೊರಳಿ ಬಂತು, ಅದರ ಹಿಂದೆ ಅವನ ಕೆಮ್ಮು ಬಂತು. "ಸಣ್ಣ ಪುಳ್ಳಿ ಕೆಳಗ ಇಡ್ರಿ! ಬೊಡ್ಡಿಗೆ ಬೆಂಕಿ ಹಚ್ಚಿದ್ರ ಹತ್ತತದೇನು?" ಎಂದು ಅವಳು ಒದರಿದಳು. ತೊಗರಿಬೇಳೆ ಒಲೆಯೇರಿತು. ಹಿಟ್ಟಿಗೆ ತಣ್ಣೀರು ಸುರಿಯುವ ಸಪ್ಪಳ ಕೇಳಿದ್ದೇ ತಡ, ಅವಳು ಕಂಬಳಿಯ ಮೇಲೇ ಅರ್ಧ ಎದ್ದಳು.

"ತಣ್ಣೀರು ಹಾಕಿದ್ರೇನು?"

"ನೀರು ನೀರ ಅಲ್ಲೇನು?"

"ಜ್ವಾಳದ ಹಿಟ್ಟಿಗೆ ಅಲ್ಲ! ಕುದಿಯೋ ಎಸರು ಬೇಕು. ಜಿಗಿ ಬರಲಿಲ್ಲಾಂದ್ರ ರೊಟ್ಟಿ ಹರೀತದ. ಚೆಲ್ರಿ ಅದನ್ನ."

ಅವನು ಏನೋ ಗೊಣಗಿದ, ಹಿಟ್ಟು ನಾದುವ ಪರಾತವನ್ನು ಧಡ್ಡನೆ ಕುಕ್ಕಿದ, ಆದರೂ ಎಸರಿಟ್ಟ. ಕುದಿನೀರಿನ ಹಿಟ್ಟಿಗೆ ಕೈಯಿಕ್ಕಿ "ಅಯ್ಯಯ್ಯೋ!" ಎಂದು ಚೀರಿದಾಗ ಮಾಲತಿಯ ತುಟಿ ಒಂದಿಷ್ಟು ಕೊಂಕಿತು, ಸುಡಲಿ, ಸುಡಲಿ ಎಂದೇ ಅವಳು ಅಂದುಕೊಂಡಳು. ಮೊದಲ ರೊಟ್ಟಿ ಅಂಚೆಲ್ಲ ಸೀಳಿ ಹೋಯಿತು. ಎರಡನೆಯದು ಕೈಗೇ ಅಂಟಿತು. ಅವಳಿಗೆ ಅದೊಂದೂ ಕಾಣುತ್ತಿರಲಿಲ್ಲ, ಆದರೆ ಬಡಿಯುವ ಸಪ್ಪಳ ಕಿವಿಗೆ ಬೀಳುತ್ತಿತ್ತು. ಹಿಟ್ಟು ತೇವವಾದರೆ ಸಪ್ಪಳ ಮೆತ್ತಗೆ, ಒಣಗಿದರೆ ಬಿರುಸು. "ಇನ್ನಷ್ಟು ಒಣಹಿಟ್ಟು ಉದುರಸ್ರಿ... ಅಂಗೈಲೆ ಅಲ್ಲ, ಬೆರಳಿಲೆ... ತಿರುಗಸ್ತಾ ಬಡೀರಿ..." ಬರಬರುತ್ತ ಆ ಸಪ್ಪಳಕ್ಕೆ ಒಂದು ಲಯ ಬಂತು. ಅವಳ ಬೆರಳುಗಳೂ ತಮಗರಿವಿಲ್ಲದೆ ಮೊಣಕಾಲಿನ ಮೇಲೆ ಅದೇ ತಾಳ ಹಿಡಿದವು... ಥೂ, ಈ ಬೆರಳುಗಳಿಗೆ ಮಾನವಿಲ್ಲವೇ ಎಂದು ಅವಳು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಅಷ್ಟರಲ್ಲಿ ಒಳಗೆ ಸೌಟಿನ ಸದ್ದು. ಬಿಸಿಯಾರಿಸಲು ಅವನು ಊದುವ ಸದ್ದು.

"ರುಚಿ ನೋಡಬ್ಯಾಡ್ರಿ!" ಎಂದು ಅವಳು ಕೂಗಿದಳು. "ದೇವರಿಗಿನ್ನೂ ನೈವೇದ್ಯ ಆಗಿಲ್ಲ. ಮಡಿಲೆ ಮಾಡಿದ್ದನ್ನ ಮಾಡಿದವರು ಬಾಯಿಗೆ ಹಾಕೂದಿಲ್ಲ."

ಒಳಗೆ ಊದುವ ಸದ್ದು ನಿಂತಿತು. "ರುಚಿ ನೋಡಬಾರದು ಅಂದ್ರ, ಹದಾ ಸರಿ ಆಗ್ಯಾದೋ ಇಲ್ಲೋ ಹ್ಯಾಂಗ ತಿಳೀತದ?" ಎಂದ ಆತ್ಮಾರಾಮ. ಆ ಪ್ರಶ್ನೆಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಾಗಿತ್ತು.

"ಉಣ್ಣೋರ ಮುಖಾ ನೋಡಿ ತಿಳೀತದ."

ವಾಚಕರೇ, ಆ ಮಾತನ್ನು ಅವಳು ಬಾಣದಂತೆ ಎಸೆಯಬೇಕೆಂದಿದ್ದಳು. ಆದರೆ ಬಾಯಿಂದ ಹೊರಬೀಳುವಾಗ ಅದು ಬಾಣವಾಗಿ ಉಳಿಯಲಿಲ್ಲ. ಮದುವೆಯಾದಂದಿನಿಂದ ಬಾಗಿಲಿಗೊರಗಿ ನಿಂತು, ಅವನ ಮೊದಲ ತುತ್ತಿಗೆ ಉಸಿರು ಬಿಗಿಹಿಡಿದು, ಹುಬ್ಬು ಗಂಟಾಯಿತೇ, ಕಣ್ಣು ಅರಳಿತೇ ಎಂದು ಕಾದ ಕಾಲವೆಲ್ಲ ಆ ಒಂದು ಮಾತಿನಲ್ಲಿತ್ತು. ಅವನೋ, ಇವಳು ಬಡಿಸಲೆಂದು ನಿಂತಿದ್ದಾಳೆ ಎಂದುಕೊಂಡಿದ್ದನಷ್ಟೆ! ಒಳಗೆ ಸೌಟನ್ನು ಕೆಳಗಿಟ್ಟ ಸದ್ದು ಕೇಳಿತು.

ಆಮೇಲೆ ಸೀದ ವಾಸನೆ ಬಂತು. "ಹಂಚಿನ ಮ್ಯಾಲಿನ ರೊಟ್ಟಿ! ಸೀಯಾಕತ್ತದ, ತಿರುವ್ರಿ, ತಿರುವ್ರಿ!" ಎಂದು ಅವಳು ಒದರಿದಳು. ಅವನು ಓಡಿದ, ಬೆರಳು ಸುಟ್ಟುಕೊಂಡ, ಹೇಗೋ ತಿರುವಿದ. ನೈವೇದ್ಯದ ಗಂಟೆಯನ್ನೂ ಬಾರಿಸಿದ. ಅವನ ಹಸಿವು ಎಷ್ಟಿತ್ತೋ! ಆದರೂ ಎಲೆ ಹಾಕಿಕೊಂಡು ಕೂರಹೋದವನನ್ನು ಅವಳು ಬಿಡಲಿಲ್ಲ. "ಮಾಡಿದವರು ಕಡೀಗೆ ಉಣ್ಣೂದು. ಮೊದಲು ಹೊರಗಿನವರಿಗೆ ಹಾಕ್ರಿ."

ಆತ್ಮಾರಾಮ ಹೊಸ್ತಿಲಿಗೆ ಬಂದ. ಮಡಿಧೋತರದ ತುಂಬ ಮಸಿ, ಹಣೆಗೆ ಹಿಟ್ಟು, ಹೊಗೆಗೆ ಕೆಂಪಾದ ಕಣ್ಣು. ಅವಳ ಎಲೆಗೆ ಮೇಲಿನಿಂದ ಒಂದು ಸೊಟ್ಟ ರೊಟ್ಟಿ ಹಾಕಿದ, ಬೇಳೆ ಬಡಿಸಿದ. ಬಡಿಸಿ ಒಳಗೆ ಹೋಗಲಿಲ್ಲ. ಬಾಗಿಲ ತೋಳಿಗೆ ಒರಗಿ, ಕೈಯಲ್ಲಿ ಸೌಟು ಹಿಡಿದು ನಿಂತ.

ಮಾಲತಿ ತುತ್ತೆತ್ತಿದಳು. ಅವಳ ಎಡಗೈ ಸಿದ್ಧವಾಗಿತ್ತು. ಸಪ್ಪಗಿರಲಿ, ಕಹಿಯಾಗಿರಲಿ, ಅಮೃತವೇ ಆಗಿರಲಿ, ಎಲೆಯನ್ನು ತಳ್ಳಿ ಅದೇ ಮಾತನ್ನು ಅವನ ಮುಖಕ್ಕೆ ಹೊಡೆಯಬೇಕೆಂದು ಒಲೆ ಹೊತ್ತಿದಾಗಿನಿಂದ ನಾಲಿಗೆ ಮಸೆದು ಕುಳಿತಿದ್ದಳು ಅವಳು. ಹೊಡೆಯಲಿ ಎಂದೇ ನನಗೂ ಅನ್ನಿಸುತ್ತದೆ, ಯಾಕೆ ಸುಳ್ಳು ಹೇಳಲಿ! ತುತ್ತು ಬಾಯಿಗೆ ಹೋಯಿತು. ಬೇಳೆಗೆ ಉಪ್ಪೇ ಇರಲಿಲ್ಲ.

ಅವಳು ತಲೆಯೆತ್ತಿದಳು. ಬಾಗಿಲಲ್ಲಿ ನಿಂತವನು ಉಸಿರಾಡುತ್ತಿರಲಿಲ್ಲ. ಅವನ ಎರಡೂ ಕಣ್ಣುಗಳು ಅವಳ ಹುಬ್ಬಿನ ಮೇಲೆ, ತುಟಿಯ ಮೇಲೆ, ನುಂಗುತ್ತಿದ್ದ ಕೊರಳ ಮೇಲೆ ಅಲೆಯುತ್ತಿದ್ದವು... ಆ ನಿಲುವು ಅವಳಿಗೆ ಗೊತ್ತಿತ್ತು. ಬಾಗಿಲ ತೋಳಿಗೆ ಎಲ್ಲಿ ಭುಜ ಒತ್ತುತ್ತದೆ, ಸೌಟಿನ ಹಿಡಿಗೆ ಅಂಗೈ ಹೇಗೆ ಬೆವರುತ್ತದೆ, ಎಲ್ಲ ಗೊತ್ತಿತ್ತು. ಅವಳ ಎಡಗೈ ಕಂಬಳಿಯ ಮೇಲೆಯೇ ಉಳಿಯಿತು.

"ಉಪ್ಪಿಲ್ಲ" ಎಂದಳು.

ಅವನ ಮುಖ ಇಳಿಯಿತು. "ಕೈಯಾಗ ಹಿಡಿದಿದ್ದೆ... ರೊಟ್ಟಿ ಸೀಯಾಕತ್ತದ ಅಂತ ನೀ ಒದರಿದಿ..."

"ಐತವಾರ ನಾನೂ ಕೈಯಾಗ ಹಿಡಿದಿದ್ದೆ. ನೀವು ಒದರಿದ್ರಿ." ಅವಳ ಧ್ವನಿ ತಗ್ಗಲಿಲ್ಲ. "ಉಪ್ಪಿಲ್ಲ. ಅಷ್ಟ ಅನಬೇಕಾಗಿತ್ತು ನೀವೂ. ಅಷ್ಟ."

ಇಂಥ ಕಥೆಗಳಲ್ಲಿ ಈ ಹೊತ್ತಿಗೆ ಮಳೆ ಸುರಿಯಬೇಕೆಂದು ನೀವು ಕಾಯುತ್ತಿರಬಹುದು. ಸುರಿಯಲಿಲ್ಲ. ಮೋಡಗಳು ಎಂದಿನಂತೆ ಗೊಣಗಿ ಚದುರಿದವು. ಆತ್ಮಾರಾಮ ಒಳಗೆ ಹೋಗಿ ಉಪ್ಪಿನ ಗಡಿಗೆ ತಂದು ಹೊಸ್ತಿಲ ಮೇಲಿಟ್ಟು, ಅಲ್ಲೇ ಕುಸಿದು ಕುಳಿತ. "ತಪ್ಪಾತು, ಮಾಲತಿ" ಎಂದ. ಅವನು ಅವಳ ಹೆಸರು ಹಿಡಿದು ಕರೆದದ್ದು ಅಪರೂಪ.

ಅವಳ ಕಣ್ಣುಗಳು ತುಂಬಿದವು. ಮನಸ್ಸು ಮಾತ್ರ ಕರಗಲೊಲ್ಲದು. "ಬೇವಿನ ಗಿಡಕ್ಕ ಕೇಳಿಸಿದ್ರ ಏನು ಬಂತು? ನಾಲ್ಕು ಮಂದಿ ಮುಂದ ಅಂದೀರಿ. ನಾಲ್ಕು ಮಂದಿ ಮುಂದ ಹೇಳ್ರಿ. ಐತವಾರದ ತನಕ ಇರ್ತೀನಿ, ಅದೂ ಟ್ರಂಕು ಬಿಚ್ಚೂದಿಲ್ಲ."

ಐತವಾರ ಬಂತು. ಅದೇ ಪಡಸಾಲೆ, ಅದೇ ಅತಿಥಿಗಳು, ಬಾಗಿಲ ಪಕ್ಕದಲ್ಲಿ ಬೀಗ ಹಾಕಿದ ಟ್ರಂಕು. ರೊಟ್ಟಿ ಅವಳದು, ಬೇಳೆ ಅವನದು. ಎಲ್ಲರ ಎಲೆಗೂ ಬಡಿಸಿದ ಮೇಲೆ ಆತ್ಮಾರಾಮ ಪಂಕ್ತಿಯಲ್ಲಿ ಕೂರದೆ ನಡುಮನೆಯಲ್ಲಿ ನಿಂತ. ಅವನ ಕಿವಿಗಳು ಕೆಂಪಾಗಿದ್ದವು.

"ಹೋದ ಐತವಾರ ಇದ ಜಾಗಾದಾಗ ನಾ ಒಂದು ಹೊಲಸು ಮಾತು ಅಂದೆ. ಬ್ಯಾಳಿಗೆ ಉಪ್ಪಿರಲಿಲ್ಲ, ಅಷ್ಟ. ಅದೂ ನಾ ನಡುವ ಒದರಿದ್ದಕ್ಕ. ಮಾತು ನಂದು ತಪ್ಪಾತು. ನೀವೆಲ್ಲಾ ಕೇಳೀರಿ, ಇದನ್ನೂ ಕೇಳ್ರಿ."

ರಾಮುಲು ನಗಲಿಲ್ಲ. ಹಣಮಯ್ಯನವರು ಮೆಲ್ಲಗೆ, "ನೀವು ಕೂಡ್ರಿ, ಊಟಾ ಮಾಡ್ರಿ" ಎಂದರು.

"ಇಲ್ರಿ. ಮಾಡಿದವರು ಕಡೀಗೆ ಉಣ್ಣೂದು" ಎಂದು ಹೇಳಿ ಅವನು ಬಂದು ಬಾಗಿಲಲ್ಲಿ, ಮಾಲತಿಯ ಪಕ್ಕದಲ್ಲಿ ನಿಂತ. ಹಣಮಯ್ಯನವರು ತುತ್ತು ಕಲಸಿ ಎತ್ತಿದರು. ಬಾಗಿಲಲ್ಲಿ ನಿಂತ ಎರಡು ಜೀವಗಳ ಉಸಿರೂ ಒಟ್ಟಿಗೇ ನಿಂತಿತು. ಹಿರಿಯರ ಹುಬ್ಬು ಗಂಟಾಗಲಿಲ್ಲ, ಕಣ್ಣು ಅರಳಿತು, ಕೈ ಮತ್ತೆ ಬೇಳೆಗೆ ಹೋಯಿತು. ಸೆರಗಿನ ಮರೆಯಲ್ಲಿ ಮಾಲತಿ ಸೊಂಟದಿಂದ ಟ್ರಂಕಿನ ಬೀಗದ ಕೈಯನ್ನು ಬಿಚ್ಚಿ, ಮಾತಿಲ್ಲದೆ, ಗಂಡನ ಸುಟ್ಟ ಬೆರಳುಗಳ ನಡುವೆ ಇಟ್ಟಳು.

ಸಿಟ್ಟು ಪೂರ್ತಿ ಹೋಗಿತ್ತೇ? ಇಲ್ಲ, ಅಂಥ ಸಿಟ್ಟು ಒಂದು ವಾರದಲ್ಲಿ ಹೋಗುವುದಿಲ್ಲ, ಹೋಗಲೂಬಾರದು. ಕಣ್ಣು ಕಣ್ಣು ಕಲೆತರೆ ಅನುರಾಗವೆಂದು ನಾವು ಯುಗಯುಗಗಳಿಂದ ಹಾಡಿಕೊಂಡು ಬಂದಿದ್ದೇವೆ... ಇರಬಹುದು. ಆದರೆ ಒಬ್ಬರು ತುತ್ತೆತ್ತುವಾಗ ಇನ್ನೊಬ್ಬರು ಹಸಿದು ನಿಂತು ಆ ಮುಖವನ್ನು ನೋಡುತ್ತಾರಲ್ಲ, ಆ ನೋಟವೊಂದು ಮನೆಯಲ್ಲಿ ಸವೆಯುತ್ತಲೇ ಇರುತ್ತದೆ, ಉಣ್ಣುವವರು ತಲೆಯೆತ್ತಿ ನೋಡುವವರೆಗೂ ಅದು ಯಾರಿಗೂ ಕಾಣುವುದಿಲ್ಲ! ಅತಿಥಿಗಳು ಎಲೆಯಡಿಕೆ ಹಾಕಿಕೊಂಡು ಹೊರಟ ಮೇಲೆ ಅವರಿಬ್ಬರೂ ಕಡೆಗೆ, ಅಡಿಗೆಮನೆಯಲ್ಲಿ, ಒಲೆಯ ಮುಂದೆ ಒಟ್ಟಿಗೆ ಕುಳಿತು ಉಂಡರು. ಬೇಳೆ ಆಗಲೇ ತಣ್ಣಗಾಗಿತ್ತು.