ಟುಶಿಯ ಗಾಂಧಾರ

ಟುಶಿಯ ಶ್ರಾದ್ಧ ಮುಗಿದ ಮೇಲಿನ ಮೊದಲ ಮಂಗಳವಾರ ಹಿಮಾನಿ ಭಾದುಡಿ ಆ ಹುಡುಗಿಯ ತಂದೆ ಪಾಲ್ ಬಾಬುವಿನ ಮನೆಯ ಮೆಟ್ಟಿಲು ಹತ್ತಿದ್ದು ಸುಮ್ಮನೆ ಮಾತಾಡಿಸಿಕೊಂಡು ಬರೋಣವೆಂದು. ಚಂದನನಗರದ ಮನೆಮನೆಗೂ ಹೋಗಿ ಹೆಣ್ಣುಮಕ್ಕಳಿಗೆ ಹಾಡು ಕಲಿಸುತ್ತಲೇ ಈ ದಿದಿಮಣಿಯ, ಅಂದರೆ ಟೀಚರಮ್ಮನ, ತಲೆ ನರೆತಿತ್ತು. ಟುಶಿಗಂತೂ ಹಾರ್ಮೋನಿಯಂ ಮೇಲೆ ಬೆರಳು ಸರಿಯಾಗಿ ಚಾಚಲೂ ಬಾರದ ವಯಸ್ಸಿನಿಂದ ಕಲಿಸಿದ್ದಳು. ಜಗದ್ಧಾತ್ರಿ ಪೂಜೆಯ ದೀಪಗಳು ಊರೆಲ್ಲ ಉರಿಯುತ್ತಿದ್ದಾಗ ಆ ಹುಡುಗಿಗೆ ಜ್ವರ ನೆತ್ತಿಗೇರಿತು. ದೇವಿಯ ವಿಸರ್ಜನೆಗೆ ಮೊದಲೇ ಅವಳನ್ನು ಗಂಗೆಯ ದಡದ ಸುಡುಗಾಡು ಘಾಟಿಗೆ ಒಯ್ದರು.

ಕೋಣೆಯಲ್ಲಿ ಎಂದಿನಂತೆ ಚಾಪೆ ಹಾಸಿತ್ತು. ಹಾರ್ಮೋನಿಯಂನ ಮುಸುಕು ತೆಗೆದಿತ್ತು. ಅದರ ಮುಂದೆ ಟುಶಿಯ ತಾಯಿ ಚಾರುಬಾಲಾ ತಲೆ ಬಾಚಿಕೊಂಡು ಕೂತಿದ್ದಳು.

"ಬನ್ನಿ ದಿದಿಮಣಿ, ಕೂತ್ಕೊಳ್ಳಿ. ಇವತ್ತಿಂದ ನನಗೆ ಹೇಳ್ಕೊಡಿ."

"ಏನು ಚಾರು ಇದು? ಸ್ವಲ್ಪ ದಿನ ಸುಧಾರಿಸ್ಕೋ..."

"ಮಂಗಳವಾರ ಸಂಜೆ ಆಯ್ತು ಅಂದ್ರೆ ಈ ಕೋಣೆ ನನ್ನನ್ನ ತಿನ್ನೋಕೆ ಬರುತ್ತೆ. ಬೇಡ ಅನ್ಬೇಡಿ."

ಒಳಗಿನಿಂದ ಅತ್ತೆಯ ದನಿ ಬಂತು. "ಮಗಳ ಬೂದಿ ಇನ್ನೂ ಗಂಗೇಲಿ ಕರಗಿಲ್ಲ, ತಾಯಿಗೆ ಸರಿಗಮ ಬೇಕಂತೆ! ಹಾಗೇ ಗೆಜ್ಜೇನೂ ಕಟ್ಟಿಸಿಬಿಡಮ್ಮ ದಿದಿಮಣಿ, ಕುಣೀಲಿ!"

ಚಾರು ಕೇಳಿಸದವಳಂತೆ ಸಾ ಹಿಡಿದಳು. ಸೀಳಿದ ಬಿದಿರಿನಂಥ ಗಂಟಲು. ಸಾ ಎಂದು ಹೊರಟದ್ದು ಎಲ್ಲೆಲ್ಲೋ ಅಲೆದು ನಿಂತಿತು. ಹಿಮಾನಿ, "ಪರವಾಗಿಲ್ಲ, ಇನ್ನೊಂದು ಸಲ" ಎಂದಳು.

"ಹಾಗಲ್ಲ. ಅವಳಿಗೆ ಬೈತಿದ್ರಲ್ಲ, ಹಾಗೇ ಬೈರಿ. 'ಕತ್ತೆ, ಕಿವಿ ಎಲ್ಲಿ ಬಿಟ್ಟು ಬಂದೆ' ಅಂತಿದ್ರಿ. ಅನ್ನಿ."

ಹಿಮಾನಿ ಬೈಯದೆ ಮತ್ತೆ ಸಾ ನುಡಿಸಿದಳು. ಅವಳು ಬಿರುಸಿನ ಗುರು ಎಂದು ಹೆಸರಾದವಳು. ಬೀಸಣಿಗೆಯ ಹಿಡಿಯಿಂದ ತಪ್ಪಿದವರ ಬೆರಳ ಮೇಲೆ ಹೊಡೆಯುತ್ತಿದ್ದಳು. ಆ ಸಂಜೆ ಮನೆಗೆ ಹೋಗಿ ಬೀಸಣಿಗೆಯನ್ನು ಒಲೆಗೆ ಹಾಕಿದಳು.

ಇನ್ನು ಹೋಗಬಾರದು ಎಂದುಕೊಂಡರೂ ಮುಂದಿನ ಮಂಗಳವಾರ ಅವಳ ಕಾಲು ಅತ್ತಲೇ ಎಳೆಯಿತು. ಚಾರು ಸೌದೆ ಒಡೆಯುವವಳಂತೆ ಹಟದಿಂದ ಕಲಿತಳು. ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತ ಸಾಧನೆ, ಬಟ್ಟೆ ಹಿಂಡುತ್ತ ಸಾಧನೆ. ನೆರೆಯವರು, ಪಾಲ್ ಬಾಬುವಿನ ಹೆಂಡತಿಗೆ ತಲೆ ಕೆಟ್ಟಿದೆ ಎಂದರು. ಗಂಡ ನಿರಾಪದ ಮಂಗಳವಾರ ಬಂತೆಂದರೆ ತನ್ನ ಹಿತ್ತಾಳೆ ಪಾತ್ರೆಯ ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ. ಟುಶಿ ಹೋದಂದಿನಿಂದ ಅವನು ಮನೆಯಲ್ಲಿ ಯಾರ ಮುಖವನ್ನೂ ನೋಡಿ ಮಾತಾಡಿರಲಿಲ್ಲ.

ಚಳಿ ಬಲಿತು ಮಾರುಕಟ್ಟೆಗೆ ಹೊಸ ಖರ್ಜೂರದ ಬೆಲ್ಲ ಬರುವ ಹೊತ್ತಿಗೆ ಅವಳ ಸಾ ಅಲೆಯದೆ ನೆಲೆ ನಿಂತಿತು. ಆಗ ಚಾರು, "ಅವಳ ಹಾಡು ಹಾಡ್ಲಾ?" ಎಂದಳು.

ಅದು ಹೊಳೆ ದಾಟಿಸೆಂದು ರಾಧೆ ಅಂಬಿಗನನ್ನು ಬೇಡುವ ಕೀರ್ತನೆ. ಟುಶಿಗೆ ಅರ್ಧ ಮಾತ್ರ ಪಾಠವಾಗಿತ್ತು. ಹಿಮಾನಿ ತಾಯಿಗೆ ಅದನ್ನು ಕಲಿಸಿಯೇ ಇರಲಿಲ್ಲ. ಆದರೆ ಚಾರು ಕಣ್ಣು ಮುಚ್ಚಿ ಹಾಡತೊಡಗಿದಳು. ಟುಶಿ ಉಸಿರು ಎಳೆಯುತ್ತಿದ್ದಲ್ಲೇ ಉಸಿರು, ಎಳೆ ಮಕ್ಕಳು ಎಳೆದ ಹಾಗೆ ಎಳೆತ. ಎರಡನೆಯ ಸಾಲಿನ ಗಾಂಧಾರಕ್ಕೆ ಬಂದಾಗ ದನಿ ಸ್ವರದ ಮೇಲೆ ನಿಲ್ಲದೆ ಕೂದಲೆಳೆಯಷ್ಟು ಕೆಳಕ್ಕೆ ಜಾರಿತು. ಟುಶಿಯ ತಪ್ಪು ಅದು. ಅದನ್ನು ತಿದ್ದುವುದರಲ್ಲೇ ಮಳೆಗಾಲವೆಲ್ಲ ಕಳೆದಿತ್ತು.

ಹಿಮಾನಿಯ ಕೈ ತಾನಾಗಿಯೇ ಹಾರ್ಮೋನಿಯಂನ ಗಾಂಧಾರದ ಕೀಲಿ ಒತ್ತಿತು. "ಮೇಲೆ, ಚಾರು. ಇನ್ನೂ ಸ್ವಲ್ಪ ಮೇಲೆ."

ಚಾರು ಕಣ್ಣು ತೆರೆದಳು. "ಇಲ್ಲ. ಅವಳು ಹೀಗೇ ಹಾಡ್ತಿದ್ದಳು."

"ಅದು ತಪ್ಪು ಕಣೇ."

"ತಪ್ಪೋ ಒಪ್ಪೋ ನಂಗೊತ್ತಿಲ್ಲ. ಒಲೆ ಮುಂದೆ ಕೂತು ಕೇಳಿದೀನಿ. ಅದನ್ನೂ ತಿದ್ದಿಬಿಟ್ರೆ ನನ್ನ ಹತ್ರ ಏನು ಉಳಿಯುತ್ತೆ ದಿದಿಮಣಿ?"

ಹಿಮಾನಿ ಗಾಂಧಾರದಿಂದ ಬೆರಳು ತೆಗೆದಳು. ಚಾರು ಮತ್ತೆ ಹಾಡಿದಳು, ಮತ್ತೆ ಜಾರಿದಳು.

ಆಗಲೇ ಬಾಗಿಲ ಬಳಿ ಏನೋ ಬಿದ್ದ ಸದ್ದಾಯಿತು. ಜ್ವರ ಬಂದಿದ್ದ ತನ್ನ ತಾಯಿಗೆ ಔಷಧಿ ಹಿಡಿದು ಆ ಮಂಗಳವಾರ ಬೇಗ ಬಂದ ನಿರಾಪದ ಮೆಟ್ಟಿಲಿನಿಂದಲೇ ಕೇಳಿಸಿಕೊಂಡಿದ್ದ. "ಟುಶಿ?" ಎಂದ. ಕೋಣೆಯೊಳಗೆ ಹುಡುಕಿದ. ಹೆಂಡತಿಯನ್ನು ಕಂಡ.

"ನೀನಾ? ಅವಳ ಥರ ಅಣಕಿಸ್ತೀಯಾ? ಸತ್ತವಳನ್ನ ಅಣಕಿಸ್ತೀಯಾ?"

"ಅಣಕ ಅಲ್ಲ ರೀ..."

ಅವನು ಹಾರ್ಮೋನಿಯಂ ಎತ್ತಿ ಹೆಗಲಿಗೇರಿಸಿಕೊಂಡ. ತಿದಿ ಬಿಚ್ಚಿಕೊಂಡು ಹೆಜ್ಜೆಹೆಜ್ಜೆಗೂ ನರಳಿತು. ಹಿಮಾನಿ ಅಡ್ಡ ಬಂದರೆ, "ನೀವು ಹೇಳ್ಕೊಟ್ಟಿದ್ದು ಸಾಕು, ಇನ್ನು ಈ ಮೆಟ್ಟಿಲು ಹತ್ತಬೇಡಿ" ಎಂದ. ಘಾಟಿನಲ್ಲಿ ದೋಣಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ ಅದನ್ನು ಗಂಗೆಗೆ ಎಸೆದ. ಮನೆಯಲ್ಲಿ ಚಾರು ಅಳಲಿಲ್ಲ, ಚಾಪೆ ಸುತ್ತಿ ಮೂಲೆಗಿಟ್ಟಳು. ಆ ವಾರದಲ್ಲೇ ಅವಳ ಅಣ್ಣ ಬಂದು ಅವಳನ್ನು ತವರೂರು ಕಾಟ್ವಾಕ್ಕೆ ಕರೆದೊಯ್ದ.

ಫಾಲ್ಗುಣದ ಒಂದು ಮಧ್ಯಾಹ್ನ ನಿರಾಪದ ಹಿಮಾನಿಯ ಮನೆಗೆ ಬಂದ. ಗಡ್ಡ ಬೆಳೆದಿತ್ತು. ಕೂರು ಎಂದರೂ ಕೂರಲಿಲ್ಲ.

"ದಿದಿಮಣಿ, ಆ ಹಾಡು... ಒಂದೇ ಒಂದು ಸಲ. ಅವಳು ಹಾಡ್ತಿದ್ದ ಹಾಗೆ."

ಹಿಮಾನಿ ಹಾಡಿದಳು. ಗಾಂಧಾರ ಬಂದಾಗ ಜಾರಲು ನೋಡಿದಳು. ನಲವತ್ತು ವರ್ಷ ಪಳಗಿದ ಗಂಟಲು ಜಾರಲಿಲ್ಲ. ಸ್ವರ ಬಾಣದ ಹಾಗೆ ನೆಟ್ಟಗೆ ಹೋಗಿ ನಿಂತಿತು. ಮತ್ತೆ ಯತ್ನಿಸಿದಳು. ಈ ಸಲ ಬೇಕೆಂದೇ ಕೆಡಿಸಿದ ಸ್ವರ ಬಂತು, ಟುಶಿಯದು ಬರಲಿಲ್ಲ.

"ಇದಲ್ಲ" ಎಂದ ಅವನು ಮೆಲ್ಲಗೆ.

"ಅಲ್ಲ. ಅದು ಚಾರುಗೆ ಮಾತ್ರ ಬರುತ್ತೆ."

ಮಾರನೆಯ ಬೆಳಗಿನ ರೈಲಿಗೆ ಅವನು ಕಾಟ್ವಾಕ್ಕೆ ಹೋದ. ಚಾರು ಅವನಿಗೆ ಮಂಡಕ್ಕಿ ಕೊಟ್ಟಳಂತೆ, ಅತ್ತೆಯ ಆರೋಗ್ಯ ಕೇಳಿದಳಂತೆ. ಹಾಡು ಎಂದಾಗ, "ಯಾವ ಹಾಡು? ನಂಗೆಲ್ಲಿ ಹಾಡು ಬರುತ್ತೆ?" ಎಂದು ಎದ್ದು ಹೋಗಿ ಕೊಳದಲ್ಲಿ ಪಾತ್ರೆ ತೊಳೆಯಲು ಕೂತಳಂತೆ. ಅವನು ಸಂಜೆಯವರೆಗೂ ಜಗಲಿಯಲ್ಲಿ ಕಾದು ಒಬ್ಬನೇ ಹಿಂದಿರುಗಿದ. ಅವಳು ಮತ್ತೆ ಚಂದನನಗರಕ್ಕೆ ಬರಲಿಲ್ಲ.