ಅರಿಶಿನದ ನೀರು

ಕೊಡದ ನೀರು ನೆತ್ತಿಯ ಮೇಲೆ ಬಿದ್ದದ್ದೇ ತಡ, ದೊಡ್ಡಬೀರಪ್ಪ ತಲೆಯಿಂದ ಕಾಲಿನವರೆಗೆ ಮೈ ಒದರಿಕೊಂಡ. ಮಾರ್ಗಶಿರದ ಚಳಿಯಲ್ಲಿ ಬರಿಮೈಗೆ ತಣ್ಣೀರು ಹುಯ್ದರೆ ಯಾರು ತಾನೇ ನಡುಗುವುದಿಲ್ಲ? ಮದ್ರಾಸಿನಿಂದ ಬಂದಿದ್ದ ಸಿನಿಮಾದವರು ಹೋ ಎಂದು ನಕ್ಕರು. ಅವನ ಹೆಂಡತಿ ಪಿಳ್ಳಮ್ಮ ಮಾತ್ರ ಕಂಕುಳಲ್ಲಿದ್ದ ಮಗಳು ಲಕ್ಕಿಯನ್ನು ಗಟ್ಟಿಯಾಗಿ ಅವುಚಿಕೊಂಡಳು.

ಅದು ಅರಿಶಿನ ಕಲಸಿದ ನೀರು. ಬಣ್ಣ ಬರಲೆಂದು ಕಲಸಿದ್ದರು, ಪಾಪ, ಅವರಿಗೇನು ಗೊತ್ತು! ಪಿಳ್ಳಮ್ಮ ಕುರಿ ಕಾಯುವವರ ಮನೆಯ ಹೆಣ್ಣು. ಮಾರಿಗೆ ಬಿಟ್ಟ ಟಗರಿನ ಮೇಲೆ ಇದೇ ನೀರು ಹಾಕಿ ಊರೆಲ್ಲ ಉಸಿರು ಹಿಡಿದು ಕಾಯುತ್ತದೆ. ಟಗರು ತಾನಾಗಿ ಮೈ ಒದರಿದರೆ ದೇವಿ ಒಪ್ಪಿದಳೆಂದು ಅರ್ಥ. ಆಮೇಲೆ ಅದನ್ನು ಮನೆಗೆ ಹೊಡೆದುಕೊಂಡು ಬರುವ ಹಾಗಿಲ್ಲ.

ಸಿನಿಮಾದ ಕಥೆಯೂ ಬಲಿಯದೇ. ಮಾಂತ್ರಿಕನೊಬ್ಬ ಊರಿಗೆ ಊರನ್ನೇ ಕಲ್ಲು ಮಾಡಿದ್ದಾನೆ. ಜನ ಮತ್ತೆ ಎದ್ದು ಓಡಾಡಬೇಕಾದರೆ ರಾಜಕುಮಾರ ದೇವಿಯ ಮುಂದೆ ಮಿಂದು, ಬಂಡೆಯಿಂದ ಮಡುವಿಗೆ ಹಾರಿ ಪ್ರಾಣ ಕೊಡಬೇಕು. ಅಷ್ಟು ಗುಂಡಿಗೆ ನಿಜವಾದ ನಟನಿಗೆಲ್ಲಿಂದ ಬರಬೇಕು? ಆತ ಛತ್ರಿಯಡಿ ಕಾಫಿ ಕುಡಿಯುತ್ತಿದ್ದ. ದೇವನಹಳ್ಳಿ ಸೀಮೆಯಲ್ಲೆಲ್ಲ ಈಜಿಗೆ ಹೆಸರಾದ ಬೀರಪ್ಪನಿಗೆ ರೇಷ್ಮೆ ಪಂಚೆ ಉಡಿಸಿದ್ದರು. ಪರದೆಯ ಮೇಲೆ ಕಾಣುವುದು ಅವನ ಬೆನ್ನು ಮಾತ್ರ. ಅಷ್ಟಕ್ಕೇ ಅವನ ಕಾಲು ನೆಲದ ಮೇಲಿರಲಿಲ್ಲ.

"ಹಾರ್ಬ್ಯಾಡ. ಮೈ ಒದರ್ಬಿಟ್ಟೆ ನೀನು," ಎಂದಳು ಪಿಳ್ಳಮ್ಮ.

"ಚಳಿ ಕಣೇ! ಇದೆಲ್ಲ ಆಟ. ಇವ್ರು ನಿಲ್ಸಿರೋ ಆ ದೇವ್ರೇ ಗಾರೇದು."

"ದೇವ್ರು ಗಾರೇದಿರ್ಬೋದು. ನೀರು ಸುಳ್ಳಾ? ಅರಿಶ್ನ ಸುಳ್ಳಾ?"

"ಒಪ್ಕೊಂಡು ಹಿಂದೆ ಸರಿದ್ರೆ ನಾಲ್ಕು ಜನ ಏನಂತಾರೆ? ಹೋಗು, ಅತ್ಲಾಗಿ ನಿಂತ್ಕೋ."

ಅವನು ಬಂಡೆ ಹತ್ತಿದ. ಡೈರೆಕ್ಟರು ಕೈ ಎತ್ತಿದರು. ಎಲ್ಲರ ಕಣ್ಣೂ ಮೇಲಿತ್ತು.

ಪಿಳ್ಳಮ್ಮ ಮಗುವನ್ನು ಪಕ್ಕದ ಮನೆಯ ಅಮ್ಮಯಮ್ಮನ ಕೈಗೆ ಕೊಟ್ಟು ಗಾರೆಯ ದೇವಿಯ ಮುಂದೆ ಹೋಗಿ ನಿಂತಳು. ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. "ಅವ್ನನ್ನ ಬಿಟ್ಬಿಡು ತಾಯಿ. ನಾನಿದೀನಿ," ಎಂದು ತಲೆಯ ಮೇಲೆ ಸುರಿದುಕೊಂಡಳು.

ಮೈ ಒದರಲಿಲ್ಲ. ಬೇಕೆಂದು ನಡುಗಿದರೆ ಲೆಕ್ಕಕ್ಕಿಲ್ಲ, ಅದು ಅವಳಿಗೆ ಗೊತ್ತು. ಹಲ್ಲು ಕಚ್ಚಿ ಕಾದಳು. ಆಚೆ ಬೀರಪ್ಪ ಹಾರಿದ. ನೀರು ಬಾಯಿ ತೆರೆದು ಅವನನ್ನು ನುಂಗಿ ಮುಚ್ಚಿಕೊಂಡಿತು. ಎಷ್ಟು ಹೊತ್ತಾದರೂ ತಲೆ ಏಳಲಿಲ್ಲ. ಛತ್ರಿಯಡಿಯ ನಟನೂ ಎದ್ದು ನಿಂತ.

ಆಗ ಪಿಳ್ಳಮ್ಮನ ಹೆಗಲಿನಿಂದ ಹಿಮ್ಮಡಿಯವರೆಗೆ ಒಂದು ನಡುಕ ಹಾದುಹೋಯಿತು. ಮಡುವಿನ ಆ ಬದಿಯಲ್ಲಿ ಬೀರಪ್ಪ ನಗುತ್ತಾ ಮೇಲೆದ್ದ. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಸಂತೋಷವಾಯಿತು, ಭಯವೂ ಆಯಿತು.

ಸಂಜೆ ಬೀರಪ್ಪ ಹಾರಿದ್ದನ್ನೇ ಹಾಡಿದ್ದೇ ಹಾಡಿದ. ಪಿಳ್ಳಮ್ಮ ಕೇಳಿಸಿಕೊಳ್ಳುತ್ತಲೇ ಲಕ್ಕಿಯನ್ನು ತಂದು ಅವನ ತೊಡೆಯ ಮೇಲೆ ಕೂರಿಸಿ, ಮುದ್ದೆಯ ತಟ್ಟೆಯನ್ನು ಅವನ ಮುಂದಿಟ್ಟಳು.

"ನೀನೇ ಉಣ್ಸು."

"ನನ್ ಕೈಲಿ ಎಲ್ಲಿ ತಿಂತದೆ ಇದು? ನೀನಿಲ್ದೆ ಒಂದ್ ತುತ್ತೂ ಇಳಿಯಾಕಿಲ್ಲ."

"ತಿಂತಾಳೆ. ರೂಢಿ ಮಾಡ್ಸು."

ಮಗು ತುಟಿ ಬಿಗಿದು ತಾಯಿಯ ಕಡೆಗೆ ಕೈ ಚಾಚಿತು. ಪಿಳ್ಳಮ್ಮ ಅದರ ಕಣ್ಣಿಗೆ ಬೀಳದ ಹಾಗೆ ಬಾಗಿಲ ಹಿಂದಕ್ಕೆ ಸರಿದು ನಿಂತಳು.